ದಮ್ಮಿನ ಪುಡಿಯೂ ಮಿಸೆಸ್ ಲೌ ಅವರ ಡ್ರಾಯರುಗಳೂ

ಕೆನಡಾಕ್ಕೆ ಹೋಗಿ ಬಂದೆ ಎಂದೊಡನೆ ಗದಗಿನ ಗೆಳೆಯರು ಕೇಳುವ ಮೊದಲ ಪ್ರಶ್ನೆ ನಯಾಗರಾ ಜಲಪಾತದ್ದು. ನೋಡಲಿಲ್ಲ ಎಂದರೆ ನಂಬುವುದಿಲ್ಲ. ಆರು ವಾರ ಅಲ್ಲಿದ್ದು, ಕಾರಿನಲ್ಲಿ ಎರಡು ತಾಸಿನ ದಾರಿಯ ಜಲಪಾತವನ್ನು ನೋಡದೆ ಬಂದ ಪುಣ್ಯಾತ್ಮ ನಾನೊಬ್ಬನೇ ಇರಬೇಕು. ಅದರ ಬದಲು ಗಿಡಮೂಲಿಕೆ ಮಾರುವ ಒಂದು ಅಂಗಡಿಗೆ ಹೋದೆ, ಅದೂ ಎರಡೆರಡು ಸಲ. ಮೊದಲ ಸಲ ಮುಖ ತಗ್ಗಿಸಿಕೊಂಡು ಹೊರಗೆ ಬಂದೆ. ಅದನ್ನೇ ಬರೆಯುತ್ತೇನೆ. ಜಲಪಾತದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ವಿಮಾನ ನಿಲ್ದಾಣ

ತೊಂಬತ್ತರ ದಶಕದ ಕೊನೆಯ ಒಂದು ಮಾರ್ಚ್ ತಿಂಗಳು. ನನ್ನ ತಂಗಿ ಶಾಂತಾ ಟೊರಾಂಟೊದ ಮಗ್ಗುಲಿನ ಥಾರ್ನ್‌ಹಿಲ್‌ನಲ್ಲಿ ಇಪ್ಪತ್ತು ವರ್ಷದಿಂದ ಇದ್ದಳು. ಆ ಚಳಿಗಾಲದಲ್ಲಿ ಅವಳಿಗೆ ಬಂದ ನೆಗಡಿ ಎದೆಗಿಳಿದು, ಕಫ ಕಟ್ಟಿ, ಎರಡು ತಿಂಗಳಾದರೂ ಬಿಟ್ಟಿರಲಿಲ್ಲ. ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟಿದ್ದರು. ಫೋನಿನಲ್ಲಿ ಒಂದು ಮಾತಿಗೆ ಎರಡು ಸಲ ಕೆಮ್ಮುತ್ತಿದ್ದಳು. "ಅಣ್ಣಾ, ನೀ ಒಮ್ಮೆ ಬಾ. ಬರೂ ಮುಂದ ಅಪ್ಪನ ಪುಡಿ ತಗೊಂಡು ಬಾ," ಎಂದಳು. ಹೈಸ್ಕೂಲಿನ ಗಣಿತ ಮಾಸ್ತರಿಕೆಯಿಂದ ಆಗಷ್ಟೇ ನಿವೃತ್ತನಾಗಿದ್ದೆ. ಹೊರಟೆ.

ಅಪ್ಪನ ಪುಡಿ ಎಂದರೆ ದಮ್ಮಿನ ಪುಡಿ. ನಮ್ಮ ಮನೆತನದ ಔಷಧ. ಅಮಾವಾಸ್ಯೆಯ ದಿನ ನಮ್ಮ ಮನೆಯ ಕಟ್ಟೆಯ ಮುಂದೆ ಉಬ್ಬಸದವರು, ಕೆಮ್ಮಿನವರು ಬಂದು ಕೂಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಪುಡಿಯಲ್ಲಿ ಏನಿದೆ ಎಂಬುದು ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರಬೇಕು. ಅಪ್ಪ ನನ್ನ ಕೈಯನ್ನು ವಿಭೂತಿ ಗಟ್ಟಿಯ ಮೇಲೆ ಇಡಿಸಿ, ಆಣೆ ಮಾಡಿಸಿ, ಕಿವಿಯಲ್ಲಿ ಹೇಳಿದ್ದ. ಇನ್ನೊಬ್ಬರಿಗೆ ಗೊತ್ತಾದರೆ ಔಷಧದ ಗುಣ ಹೋಗುತ್ತದೆ, ಹೆಣ್ಣುಮಕ್ಕಳಿಗಂತೂ ಹೇಳಲೇಬಾರದು, ಅವರು ಬೇರೆ ಮನೆ ಸೇರುವವರು ಎಂದಿದ್ದ.

ಟೊರಾಂಟೊದಲ್ಲಿ ಇಳಿದಾಗ ಕಸ್ಟಮ್ಸಿನ ಒಬ್ಬ ಹೆಣ್ಣುಮಗಳು ನನ್ನ ಪುಡಿಯ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಇದೇನು ಎಂದಳು. ಔಷಧ ಎಂದೆ. ಯಾವುದರಿಂದ ಮಾಡಿದ್ದು ಎಂದಳು.

"ಹೇಳುವ ಹಾಗಿಲ್ಲ. ನನ್ನ ತಂದೆಗೆ ಮಾತು ಕೊಟ್ಟಿದ್ದೇನೆ," ಎಂದು ನನ್ನ ಧಾರವಾಡದ ಇಂಗ್ಲಿಷಿನಲ್ಲಿ ವಿನಯದಿಂದಲೇ ಹೇಳಿದೆ.

ಆಕೆ ಸಿಟ್ಟಾಗಲಿಲ್ಲ. ಕನಿಕರದಿಂದ ನೋಡಿ, ಬಾಟಲಿಯನ್ನು ಯಾರದೋ ಮಾವಿನಹಣ್ಣುಗಳ ಜೊತೆ ಡಬ್ಬಕ್ಕೆ ಹಾಕಿದಳು. ಹೆಸರು ಹೇಳಿದ್ದರೆ ಬಿಡುತ್ತಿದ್ದಳೋ ಏನೋ. ಹೊರಗೆ ಕಾಯುತ್ತಿದ್ದ ಶಾಂತಾ ಅಪ್ಪಿಕೊಂಡು ಕೇಳಿದ ಮೊದಲ ಮಾತೇ, "ಪುಡಿ ಎಲ್ಲೈತಿ?" ನಡೆದದ್ದನ್ನು ಹೇಳಿದೆ. ಅವಳು ಬಾಯಿ ತೆರೆದಳು, ಆದರೆ ಮಾತಿನ ಬದಲು ಕೆಮ್ಮು ಬಂತು.

ಥಾರ್ನ್‌ಹಿಲ್

ಮನೆಯೊಳಗೆ ಬೇಸಿಗೆ, ಹೊರಗೆ ಹಿಮ. ಕಿಟಕಿ ತೆರೆಯುವ ಹಾಗಿಲ್ಲ, ಹೀಟರಿನ ಕಾವು ಹೊರಗೆ ಹೋಗುತ್ತದಂತೆ. ಆ ಒಣ ಗಾಳಿಗೆ ನನ್ನ ಮೂಗೇ ಎರಡು ದಿನದಲ್ಲಿ ಬಿರಿಯಿತು, ಇನ್ನು ಶಾಂತಾಳ ಎದೆಯ ಗತಿ ಏನು! ಅವಳು ಮೂರು ದಿಂಬು ಇಟ್ಟುಕೊಂಡು ಕೂತೇ ಮಲಗುತ್ತಿದ್ದಳು. ಅಡುಗೆಮನೆಯಿಂದ ಹಾಲ್‌ವರೆಗೆ ಬರುವಷ್ಟರಲ್ಲಿ ಒಮ್ಮೆ ನಿಲ್ಲುತ್ತಿದ್ದಳು.

ಅವಳ ಗಂಡ ಬಸವರಾಜನಿಗೆ ಮಿಲ್ಟನ್‌ನ ಗೋದಾಮಿನಲ್ಲಿ ಕೆಲಸ. "ಭಾವಾರ, ನನ್ನ ಬಾಳೇವೆಲ್ಲ ಹೈವೇ ಮ್ಯಾಲೆ ಹೊಂಟೈತ್ರಿ," ಎಂದು ನಗುತ್ತಾ ಶಿಫ್ಟಿಗೆ ಹೋಗುತ್ತಿದ್ದ. ಮಗಳು ಸ್ಮಿತಾ ಅಲ್ಲೇ ಹುಟ್ಟಿದವಳು, ಹದಿನಾರು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ದಿನಾ ಸಂಜೆ ಅವಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸವಾಯಿತು. ಚುರುಕು ಹುಡುಗಿ, ಆದರೆ ಉತ್ತರ ಮಾತ್ರ ಬರೆಯುತ್ತಾಳೆ. "ನಡುವಿನ ಹಂತ ಎಲ್ಲಿ? ಹಂತ ತೋರಿಸದವರಿಗೆ ನಾನು ಮಾರ್ಕು ಕೊಟ್ಟವನೇ ಅಲ್ಲ," ಎಂದು ಗದರಿಸುತ್ತಿದ್ದೆ.

ಪಕ್ಕದ ಮನೆಯ ಮುದುಕ ಬೆಳಿಗ್ಗೆ ತನ್ನ ಮನೆ ಮುಂದಿನ ಹಿಮ ತೆಗೆದು, ನಮ್ಮ ಬಾಗಿಲಿನವರೆಗೂ ತೆಗೆದು, ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದ. ನಮ್ಮೂರಿನಲ್ಲಿ ಇಷ್ಟು ಉಪಕಾರ ಮಾಡಿದವನು ಚಹಾ ಕುಡಿದು, ಎರಡು ತಾಸು ಹರಟೆ ಹೊಡೆದು, ಮೂರು ಮನೆಗೆ ಸುದ್ದಿ ಹೇಳದೆ ಬಿಡುತ್ತಿರಲಿಲ್ಲ.

ಪುಡಿಯನ್ನು ಅಲ್ಲೇ ಹೊಸದಾಗಿ ಮಾಡಲು ನಿಶ್ಚಯಿಸಿದೆ. ಶಾಂತಾಳ ಹತ್ತಿರ ಹೋದ ವರ್ಷ ನಾನು ಯಾರದೋ ಕೈಲಿ ಕಳಿಸಿದ್ದ ಪುಡಿ ತಳದಲ್ಲಿ ಸ್ವಲ್ಪ ಉಳಿದಿತ್ತು. ದಿನಕ್ಕೊಂದು ಚಮಚ ತಿನ್ನುತ್ತಿದ್ದಳು. ಇಂಡಿಯನ್ ಅಂಗಡಿಗೆ ಒಬ್ಬನೇ ನಡೆದುಹೋಗಿ ಬೇಕಾದ್ದನ್ನು ಕೊಂಡೆ. ಒಂದು ಮಾತ್ರ ಸಿಗಲಿಲ್ಲ. ಗುಜರಾತಿ ಮಾಲೀಕ ತಲೆ ಕೆರೆದುಕೊಂಡು, "ಚೀನೀ ದುಕಾನ್ ಮೇ ದೇಖೋ, ಭಾಯ್," ಎಂದ.

ಪ್ಲಾಜಾ

ಪ್ಲಾಜಾ ಎಂದರೆ ಒಂದೇ ಸಾಲಿನ ಅಂಗಡಿಗಳು, ಮುಂದೆ ಕಾರು ನಿಲ್ಲಿಸುವ ಬಯಲು. ಬೋರ್ಡಿನಲ್ಲಿ ಚೀನೀ ಅಕ್ಷರ ದೊಡ್ಡದು, ಇಂಗ್ಲಿಷ್ ಸಣ್ಣದು. ಹಾಂಗ್‌ಕಾಂಗಿನಿಂದ ಬಂದವರು ಆ ವರ್ಷಗಳಲ್ಲಿ ಆ ಕಡೆಯೆಲ್ಲ ಮನೆ ಮಾಡಿದ್ದರು. ಶಾಂತಾ ಕಾರು ನಡೆಸಿಕೊಂಡು ಬಂದಳು. ನಿಲ್ಲಿಸಿದ ಮೇಲೆ ನಾನು ಹೇಳಿದೆ, "ನೀ ಇಲ್ಲೇ ಕುಂದರು. ನಾ ಒಬ್ಬನ ಹೋಗ್ತೀನಿ."

"ಯಾಕ?"

"ಸಾಮಾನಿನ ಹೆಸರು ನಿನ್ನ ಕಿವಿಗೆ ಬೀಳಬಾರದು."

"ಆತು ಬಿಡಪಾ," ಎಂದು ಶಾಲು ಹೊದ್ದುಕೊಂಡಳು.

ಔಷಧದ ಜಾಗ ಎಂದು ಬಾಗಿಲಲ್ಲಿ ಬೂಟು ಬಿಚ್ಚಿದೆ. ಒಳಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಗಿರಾಕಿಗಳ ಬೂಟಿನಿಂದ ಕರಗಿದ ಹಿಮದ ನೀರಿಗೆ ಕಾಲುಚೀಲ ತೊಯ್ದು ತೊಪ್ಪೆಯಾದವು. ಆದರೆ ಆ ವಾಸನೆ! ಗದಗಿನಲ್ಲಿ ನಾರುಬೇರು ಮಾರುವ ಅಂಗಡಿಯದೇ ವಾಸನೆ. ಗೋಡೆಯ ತುಂಬ ಮರದ ಸಣ್ಣ ಡ್ರಾಯರುಗಳು, ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಕೌಂಟರಿನ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಒಣಗಿದ ಎಲೆಗಳ ಬೆನ್ನನ್ನು ಪುಟ್ಟ ಬ್ರಷ್ಷಿನಿಂದ ಒಂದೊಂದಾಗಿ ಉಜ್ಜುತ್ತಿದ್ದರು. ಎಲ್ಲರೂ ಅವರನ್ನು ಮಿಸೆಸ್ ಲೌ ಎನ್ನುತ್ತಿದ್ದರು. ಅವು ಲೊಕ್ವಾಟ್ ಎಂಬ ಹಣ್ಣಿನ ಮರದ ಎಲೆಗಳಂತೆ, ಕೆಮ್ಮಿಗೆ ಕೊಡುವುದು. ಬೆನ್ನಿನ ರೋಮ ಹೋಗದಿದ್ದರೆ ಅದೇ ಗಂಟಲಿಗೆ ಹತ್ತಿ ಕೆಮ್ಮು ಹೆಚ್ಚುತ್ತದೆ ಎಂದರು.

ನನಗೆ ಬೇಕಾದ್ದರ ಇಂಗ್ಲಿಷ್ ಹೆಸರು ನನಗೆ ಗೊತ್ತಿರಲಿಲ್ಲ. ಕಾಗದದ ಮೇಲೆ ಚಿತ್ರ ಬರೆದೆ. ಜೀವನವಿಡೀ ತ್ರಿಕೋನ, ವೃತ್ತ ಬರೆದ ಕೈ, ಅದು ಕಂಬಳಿಹುಳವಾಗಿ ಬಂತು. ಮಿಸೆಸ್ ಲೌ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಮೂರನೇ ಸಾಲಿನ ಡ್ರಾಯರು ಎಳೆದು ಮುಂದಿಟ್ಟರು. ಹಿಪ್ಪಲಿ! ಪರದೇಶದ ಬಸ್‌ಸ್ಟ್ಯಾಂಡಿನಲ್ಲಿ ಊರಿನವನು ಸಿಕ್ಕಂತಾಯಿತು.

"ಯಾರಿಗೆ?" ಎಂದರು.

"ನನ್ನ ತಂಗಿಗೆ. ಎದೆಯಲ್ಲಿ ಕಫ."

"ಎಲ್ಲಿದ್ದಾರೆ?"

ಗಾಜಿನ ಆಚೆ ಕಾರು ತೋರಿಸಿದೆ. ಶಾಂತಾ ಸ್ಟೀರಿಂಗಿಗೆ ಹಣೆ ಹಚ್ಚಿ ಕೆಮ್ಮುತ್ತಿದ್ದಳು. ಯಾಕೆ ಹೊರಗೆ ಕೂರಿಸಿದಿರಿ ಎಂದು ಅವರು ಕೇಳಿದರು. ಕಾರಣ ಹೇಳಿದೆ. ಮಿಸೆಸ್ ಲೌ ಬ್ರಷ್ಷು ಕೆಳಗಿಟ್ಟು, ಕೋಟು ಕೂಡ ಹಾಕಿಕೊಳ್ಳದೆ ಹೊರಗೆ ಹೋಗಿ, ನನ್ನ ತಂಗಿಯ ತೋಳು ಹಿಡಿದು ಒಳಗೆ ಕರೆತಂದರು. ಒದ್ದೆ ಕಾಲುಚೀಲದಲ್ಲಿ ನಿಂತಿದ್ದ ನನಗೆ ನಾಚಿಕೆಯಾಯಿತು.

ಶಾಂತಾಳಿಗೆ ಬಿಸಿನೀರು ಕೊಟ್ಟು, ನಾಡಿ ನೋಡಿದರು. ನಮ್ಮ ಕಡೆ ಹೆಂಗಸರದು ಎಡಗೈ ನಾಡಿ ನೋಡುವುದು ರೂಢಿ, ಇವರು ಎರಡೂ ಕೈ ಹಿಡಿದರು, ಮೂರು ಬೆರಳಿಟ್ಟು, ಕಣ್ಣು ಮುಚ್ಚಿ. ನಾಲಿಗೆ ನೋಡಿದರು. ತಣ್ಣೀರು, ಬಾಳೆಹಣ್ಣು, ಹಾಲು ಬಿಡಿ ಎಂದರು. ಥೇಟ್ ನಮ್ಮ ಅವ್ವನ ಪಥ್ಯ. ಆಮೇಲೆ ಕೌಂಟರಿನ ಮೇಲೆ ಬಿಳಿ ಕಾಗದ ಹಾಸಿ, ಕೈಯಲ್ಲಿ ಹಿಡಿಯುವ ಪುಟ್ಟ ತಕ್ಕಡಿಯಲ್ಲಿ ತೂಗಿ ಒಂದೊಂದೇ ಹಾಕತೊಡಗಿದರು. ಒಣಗಿದ ಕಿತ್ತಳೆ ಸಿಪ್ಪೆ, ಹಳೆಯದಾದಷ್ಟೂ ಒಳ್ಳೆಯದಂತೆ. ಎದೆಯ ಕಫ ಮೇಲಕ್ಕೆ ತರುವ ಯಾವುದೋ ಬಿಳಿ ಬೇರಿನ ಚಕ್ಕೆ. ಉಜ್ಜಿದ ಎಲೆ. ಒಣಶುಂಠಿ. ಜ್ಯೇಷ್ಠಮಧು. ಪ್ರತಿಯೊಂದನ್ನೂ ಶಾಂತಾಳ ಮೂಗಿಗೆ ಹಿಡಿದು, ಹೆಸರು ಹೇಳಿ, ಒಂದು ಚೀಟಿಯಲ್ಲಿ ಬರೆಯುತ್ತಿದ್ದರು. ಸುತ್ತ ಗಿರಾಕಿಗಳು ನಿಂತಿದ್ದಾರೆ, ಈಯಮ್ಮ ಎಲ್ಲ ಹೆಸರನ್ನೂ ಕೂಗಿ ಹೇಳುತ್ತಿದ್ದಾರಲ್ಲ ಎಂದು ನನಗೇ ಜೀವ ತಡೆಯಲಿಲ್ಲ. ನಮ್ಮ ಪುಡಿಯ ಸಾಮಾನುಗಳಲ್ಲಿ ಎರಡು ಆಗಲೇ ಆ ಕಾಗದದ ಮೇಲೆ ಕೂತಿದ್ದವು.

ಕಾಗದ ಮಡಿಸುವ ಮೊದಲು, ಬೇರೆ ಏನು ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು.

"ಡಾಕ್ಟರು ಕೊಟ್ಟ ಪಂಪು. ಬಿ.ಪಿ. ಮಾತ್ರೆ. ಮತ್ತೆ ನಮ್ಮ ಅಣ್ಣನ ಪುಡಿ," ಎಂದಳು ಶಾಂತಾ.

"ಪುಡಿಯಲ್ಲಿ ಏನಿದೆ?"

ಇಬ್ಬರು ಹೆಂಗಸರೂ ನನ್ನ ಕಡೆ ತಿರುಗಿದರು. ಹೇಳುವ ಹಾಗಿಲ್ಲ ಎಂದೆ. ವಿಮಾನ ನಿಲ್ದಾಣದಲ್ಲಿ ಹೇಳಿದಷ್ಟು ಸಲೀಸಾಗಿ ಹೇಳಲು ಆಗಲಿಲ್ಲ.

ಮಿಸೆಸ್ ಲೌ ವಾದ ಮಾಡಲಿಲ್ಲ. ಕಾಗದದ ಮೇಲಿನ ಶುಂಠಿಯನ್ನು ಶುಂಠಿಯ ಡ್ರಾಯರಿಗೆ, ಸಿಪ್ಪೆಯನ್ನು ಸಿಪ್ಪೆಯ ಡ್ರಾಯರಿಗೆ, ಬೇರನ್ನು ಬೇರಿನ ಡ್ರಾಯರಿಗೆ ಒಂದೊಂದಾಗಿ ವಾಪಸು ಹಾಕಿದರು. "ಗೊತ್ತಿಲ್ಲದ್ದರ ಮೇಲೆ ನಾನು ಔಷಧ ಹಾಕುವುದಿಲ್ಲ. ನನ್ನ ತಂದೆ ಕೊಟ್ಟದ್ದನ್ನೆಲ್ಲ ಬರೆದುಕೊಡುತ್ತಿದ್ದರು. ರೋಗಿ ನಾಳೆ ಇನ್ನೊಬ್ಬರ ಬಳಿ ಹೋದರೆ ಅವರಿಗೆ ತಿಳಿಯಬೇಡವೆ?" ಎಂದರು. ಹಿಪ್ಪಲಿಯನ್ನೂ ಕೊಡಲಿಲ್ಲ. ಶಾಂತಾಳ ಕೈಗೆ ಒಂದು ಉಪ್ಪುಸಿಹಿ ಒಣಹಣ್ಣು ಇಟ್ಟು, ಪಂಪು ಮಾತ್ರ ನಿಲ್ಲಿಸಬೇಡಿ, ಮತ್ತೆ ಬನ್ನಿ ಎಂದರು. ನಮ್ಮಲ್ಲಿ ಔಷಧ ಕೊಡುವವರು ಮತ್ತೆ ಬಾ ಎನ್ನುವುದಿಲ್ಲ, ಪಡೆದವರೂ ಹೋಗಿ ಬರ್ತೀನಿ ಎನ್ನುವುದಿಲ್ಲ. ಅಂದರೆ ರೋಗವೂ ಮತ್ತೆ ಬಂದೀತು ಎಂಬ ನಂಬಿಕೆ.

ಮನೆಯಲ್ಲಿ ಮೂರು ದಿನ

ಮನೆಗೆ ಬಂದು ಶಾಂತಾ ಚಹಾ ಕೊಟ್ಟು ಎದುರಿಗೆ ಕೂತಳು.

"ಮೂವತ್ತು ವರ್ಷ ನಿಮ್ಮ ಪುಡಿ ತಿಂದೀನಿ. ಏನೇನ್ ತಿಂದೀನಿ ಅಂತ ನನಗ ಪೂರಾ ಗೊತ್ತಿಲ್ಲ. ಆ ಅಂಗಡಿಯಾಕಿ ನನ್ನ ಮುಖಾ ನೋಡಿ ಅರ್ಧಾ ತಾಸು ಆಗಿರಲಿಲ್ಲ, ಎಲ್ಲಾ ಹೆಸರು ಹೇಳಿದಳು. ನೀ ನನ್ನ ಒಡಹುಟ್ಟಿದಾಂವ."

"ಅಪ್ಪನ ಆಣಿ ಐತಿ, ಶಾಂತಾ. ಅಮಾಸಿಗೆ ಊರಾಗ ಎಷ್ಟು ಮಂದಿ ಬರ್ತಾರ ಗೊತ್ತೈತಿಲ್ಲೊ? ಗುಣಾ ಹೋತಂದ್ರ ಅವರ ಗತಿ ಏನು?"

"ನನ್ನ ಗತಿ?" ಎಂದಳು. ಅಷ್ಟೇ.

ನಿಜ ಹೇಳುತ್ತೇನೆ. ಊರಿನಲ್ಲಿ ಕೆಲವು ವರ್ಷದಿಂದ ಜನ ನನ್ನೆದುರಿಗೇ ಅನ್ನತೊಡಗಿದ್ದರು: ಮಾಸ್ತರರ ಪುಡಿಗೆ ಅವರಪ್ಪನ ಪುಡಿಯ ಗುಣ ಇಲ್ಲ, ಆ ಕೈಗುಣವೇ ಬೇರೆ ಎಂದು. ಅಮಾವಾಸ್ಯೆಯ ಜನ ಕಡಿಮೆಯಾಗುತ್ತಿದ್ದರು. ನಾನು ಏನೂ ಬಿಟ್ಟಿರಲಿಲ್ಲ, ಅಪ್ಪ ಹೇಳಿದ ತೂಕದಲ್ಲೇ ಮಾಡುತ್ತಿದ್ದೆ. ಇರುವ ಅಷ್ಟಿಷ್ಟು ಗುಣವೂ ನನ್ನ ಬಾಯಿಂದಲೇ ಹೋದರೆ ಎಂಬ ಭಯ ನನಗಿತ್ತು. ಭಯವನ್ನು ಧರ್ಮ ಎಂದು ಕರೆದುಕೊಂಡು ಕೂತಿದ್ದೆ.

ಆ ದಿನ ಸಂಜೆ ಸ್ಮಿತಾ ಗಣಿತದ ವಹಿ ತಂದು ಕೂತವಳು ಪೆನ್ನು ಎತ್ತಲಿಲ್ಲ. ಅಮ್ಮನಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಮಾಮಾ, ಯೂ ಆರ್ ನಾಟ್ ಶೋಯಿಂಗ್ ಯುವರ್ ವರ್ಕ್," ಎಂದಳು. ಆಮೇಲೆ ನನಗೆ ತಿಳಿಯಲಿಲ್ಲವೇನೋ ಎಂದು ಕಷ್ಟಪಟ್ಟು ಕನ್ನಡದಲ್ಲಿ, "ನಿಮಗೂ ಮಾರ್ಕ್ಸ್ ಇಲ್ಲ," ಎಂದಳು.

ಮೂವತ್ತೈದು ವರ್ಷದ ನೌಕರಿಯಲ್ಲಿ ಯಾವ ಇನ್ಸ್‌ಪೆಕ್ಟರೂ ನನಗೆ ಇಷ್ಟು ಸರಿಯಾಗಿ ಅಂದಿರಲಿಲ್ಲ.

ಕ್ಲೈನ್‌ಬರ್ಗ್

ಶನಿವಾರ ಬಸವರಾಜನಿಗೆ ರಜೆ. "ಭಾವಾರ, ಮನ್ಯಾಗ ಕುಂತು ಕುಂತು ಬ್ಯಾಸರಾಗಿರಬೇಕು ನಿಮಗ. ನಡೀರಿ, ಚಿತ್ರಾ ನೋಡಿ ಬರೂಣು," ಎಂದು ಕ್ಲೈನ್‌ಬರ್ಗ್‌ಗೆ ಕರೆದೊಯ್ದ. ಹಳೆಯ ಕಾಲದ ಸಣ್ಣ ಪೇಟೆ ಬೀದಿ, ಅದರಾಚೆ ಕಾಡಿನ ನಡುವೆ ಚಿತ್ರಶಾಲೆ. ಕಾರು ನಿಲ್ಲಿಸಿದ ಜಾಗದಿಂದ ಸ್ವಲ್ಪ ಏರು. ಬಸವರಾಜನೂ ಸ್ಮಿತಾಳೂ ಟಿಕೆಟಿಗೆಂದು ಮುಂದೆ ಹೋದರು. ನಾನೂ ಶಾಂತಾಳೂ ನಿಧಾನವಾಗಿ ಹತ್ತುತ್ತಿದ್ದೆವು.

ಅರ್ಧ ದಾರಿಯಲ್ಲಿ ಅವಳು ನಿಂತಳು. ಎದೆ ಮೇಲೆ ಕೈ ಇಟ್ಟುಕೊಂಡಳು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ತುಟಿ ಬಣ್ಣಗೆಟ್ಟಿತ್ತು. ಚೀಲದಲ್ಲಿ ತಡಕಾಡಿ ಪಂಪು ತೆಗೆದು ಕೊಟ್ಟೆ. ಎರಡು ಸಲ ಎಳೆದುಕೊಂಡಳು. ಆ ಎರಡು ಮೂರು ನಿಮಿಷ ನಾನು ಅನುಭವಿಸಿದ ಹೆದರಿಕೆಯನ್ನು ಇಲ್ಲಿ ಬರೆಯಲಾರೆ. ನೂರಾರು ದಮ್ಮಿನವರಿಗೆ ಪುಡಿ ಕೊಟ್ಟವನು ನಾನು. ಉಸಿರು ಸಿಗದೆ ಒದ್ದಾಡುವವರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಒಳಗೆ ಒಂದು ಬೆಂಚಿನ ಮೇಲೆ ಕೂರಿಸಿದೆ. ಎದುರಿಗೆ ಗೋಡೆಯ ಮೇಲೆ ಹಿಮದಲ್ಲಿ ಬಾಗಿದ ಪೈನ್ ಮರಗಳ ದೊಡ್ಡ ಚಿತ್ರ. ಅವಳ ಉಸಿರು ಹತೋಟಿಗೆ ಬಂದ ಮೇಲೆ ಬಾಗಿ ಕಿವಿಯ ಹತ್ತಿರ ಹೇಳಿಬಿಟ್ಟೆ.

"ಶುಂಠಿ. ಹಿಪ್ಪಲಿ. ಮೆಣಸು. ಜ್ಯೇಷ್ಠಮಧು. ಕಲ್ಲುಸಕ್ರಿ."

ಶಾಂತಾ ತಿರುಗಿ ನೋಡಿದಳು. "ಇಷ್ಟ ಏನು?"

"ಇಷ್ಟ."

ಅವಳಿಗೆ ನಗು ಬಂತು, ನಗುವಿನ ಜೊತೆ ಕೆಮ್ಮೂ ಬಂತು. ಸುಧಾರಿಸಿಕೊಂಡು ಬೆರಳು ಮಡಿಸಿ ಐದೂ ಎಣಿಸಿದಳು. ಹುಬ್ಬು ಗಂಟಿಕ್ಕಿದಳು.

"ಮತ್ತ ಆಡುಸೋಗಿ?"

"ಯಾವ ಆಡುಸೋಗಿ?"

"ಅಯ್ಯ, ಹಿತ್ತಲ ಬೇಲ್ಯಾಗ ಇತ್ತಲ್ಲೋ! ಅಪ್ಪ ಹಿಪ್ಪಲಿ ಅಷ್ಟ ತಂದು ಅವ್ವನ ಮುಂದ ಇಡತಿದ್ದ, ಹುರದು ಕುಟ್ಟು ಅಂತ. ಅವ್ವ ಹುರಿಯೂ ಮೊದಲ ಅದನ್ನ ಆಡುಸೋಗಿ ಎಲಿ ರಸದಾಗ ಮೂರು ದಿನ ನೆನಿ ಹಾಕಿ ನೆರಳಾಗ ಒಣಗಸತಿದ್ದಳು. ಎಲಿ ಹರಕೊಂಡು ಬರಾಕಿ ನಾನ. ರಸಾ ಹಿಂಡಿ ಹಿಂಡಿ ನನ್ನ ಕೈಯೆಲ್ಲಾ ಕಹಿ ಆಗತಿತ್ತು."

ಅಪ್ಪನಿಗೆ ಇದು ಗೊತ್ತಿರಲಿಲ್ಲ. ಅವನು ಅಡುಗೆಮನೆಯೊಳಗೆ ಬಂದು ನೋಡಿದವನೇ ಅಲ್ಲ. ಅವ್ವ ಹೋದ ಮೇಲೆ ನನ್ನ ಹೆಂಡತಿ ಹಿಪ್ಪಲಿಯನ್ನು ಒಣದಾಗಿಯೇ ಹುರಿದು ಕೊಡುತ್ತಿದ್ದಳು. ನಾನು ವಿಭೂತಿ ಮುಟ್ಟಿ ಕಾಪಾಡಿಕೊಂಡು ಬಂದದ್ದು ಪೂರ್ತಿ ಔಷಧವೇ ಆಗಿರಲಿಲ್ಲ. ಅಷ್ಟರಲ್ಲಿ ಬಸವರಾಜನೂ ಸ್ಮಿತಾಳೂ ನಮ್ಮನ್ನು ಹುಡುಕಿಕೊಂಡು ಬಂದರು. ಮುಂದಿನ ಚಿತ್ರಗಳನ್ನು ನಾನು ನೋಡಿದೆನೋ ಇಲ್ಲವೋ ನೆನಪಿಲ್ಲ.

ಮತ್ತೆ ಪ್ಲಾಜಾ

ಶಾಂತಾಳಿಗೆ ಗುಣವಾಯಿತೇ ಎಂದು ಓದುವವರು ಕೇಳುತ್ತಾರೆ. ಆಯಿತು. ಹಿಮ ಪೂರ್ತಿ ಕರಗುವ ಹೊತ್ತಿಗೆ ಮೂರು ದಿಂಬು ಒಂದಾಯಿತು. ನಾನು ಹೊರಡುವ ವಾರ ಮೆಟ್ಟಿಲು ಹತ್ತಿ ನನ್ನ ಪೆಟ್ಟಿಗೆ ಕಟ್ಟಿಕೊಟ್ಟಳು. ಡಾಕ್ಟರ ಪಂಪಿನಿಂದಲೋ, ಮಿಸೆಸ್ ಲೌ ಅವರ ಕಷಾಯದಿಂದಲೋ, ಬಿಸಿಲು ಬಂದು ಕಿಟಕಿ ತೆರೆದಿದ್ದರಿಂದಲೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಚಟ ಆ ಪ್ರವಾಸದಲ್ಲಿ ಸ್ವಲ್ಪ ಇಳಿದಿತ್ತು.

ಆದರೆ ಕ್ಲೈನ್‌ಬರ್ಗ್‌ಗೆ ಹೋಗಿ ಬಂದ ಮೇಲಿನ ಸೋಮವಾರ ಅಂಗಡಿಯಲ್ಲಿ ನಡೆದದ್ದನ್ನು ಹೇಳಬೇಕು. ಬೂಟು ಬಿಚ್ಚದೆ ಒಳಗೆ ಹೋದೆ, ಈ ಸಲ ತಂಗಿಯ ಜೊತೆ. ಐದು ಹೆಸರನ್ನೂ ನನ್ನ ಕೈಯಾರೆ ಒಂದರ ಕೆಳಗೊಂದು ಬರೆದು ತಂದಿದ್ದ ಕಾಗದವನ್ನು ಕೌಂಟರಿನ ಮೇಲೆ ಇಟ್ಟೆ. ಸ್ಮಿತಾ ಪಕ್ಕದಲ್ಲಿ ಇಂಗ್ಲಿಷ್ ಹೆಸರು ಬರೆದಿದ್ದಳು. ಮಿಸೆಸ್ ಲೌ ಅದರ ಪಕ್ಕ ಚೀನೀ ಅಕ್ಷರ ಬರೆಯುತ್ತ ಬಂದರು. ಜ್ಯೇಷ್ಠಮಧುವಿನ ಹತ್ತಿರ ಪೆನ್ನು ನಿಂತಿತು.

"ಇದು ನಿಮ್ಮದರಲ್ಲೂ ಇದೆ, ನನ್ನದರಲ್ಲೂ ಇತ್ತು. ಇದು ಹೆಚ್ಚಾದರೆ ಬಿ.ಪಿ. ಏರುತ್ತದೆ. ಇವರಿಗೆ ಮೊದಲೇ ಬಿ.ಪಿ. ಇದೆ," ಎಂದರು. ತಮ್ಮ ಚೀಟಿಯಲ್ಲಿ ಅದನ್ನು ಹೊಡೆದುಹಾಕಿದರು. ನಮ್ಮ ಪುಡಿಯನ್ನು ಸದ್ಯ ನಿಲ್ಲಿಸಿ ಎಂದರು, ಇದನ್ನೆಲ್ಲ ಡಾಕ್ಟರಿಗೂ ತೋರಿಸಿ ಎಂದರು. ಬೇಸರ ಮಾಡಿಸುವ ದನಿ ಅದಾಗಿರಲಿಲ್ಲ. ಆದರೂ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ದಿನಕ್ಕೊಂದು ಚಮಚ. ನಾನೇ ಕಳಿಸಿದ್ದು.

ಅವರು ಮತ್ತೆ ಬಿಳಿ ಕಾಗದ ಹಾಸಿ ತೂಗತೊಡಗಿದರು. ಮಣ್ಣಿನ ಮಡಕೆಯಲ್ಲೇ ಕುದಿಸಿ, ಮೂರು ಬಟ್ಟಲು ನೀರು ಒಂದಾಗಬೇಕು ಎಂದರು. ಆಮೇಲೆ ನನ್ನ ಪಟ್ಟಿಯನ್ನು ಬೆರಳಿನಿಂದ ತಟ್ಟಿ, "ಇಷ್ಟೇನೇ?" ಎಂದು ಕೇಳಿದರು.

"ಇನ್ನೊಂದಿದೆ," ಎಂದಳು ಶಾಂತಾ.

ಎರಡು ದಿನದಿಂದ ಕೇಳಬೇಕೆಂದರೂ ಬಾಯಿ ಬಾರದೆ ನುಂಗಿಕೊಂಡಿದ್ದ ಮಾತು ಅಲ್ಲಿ, ಮಿಸೆಸ್ ಲೌ ಅವರ ಎದುರಿಗೇ ಬಂದುಬಿಟ್ಟಿತು.

"ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ? ನಾ ಅರ್ಧಾ ಔಷಧಾ ಮಂದಿಗೆ ಕೊಟ್ಟಕೋತ ಕುಂತಿದ್ದೆ."

ಶಾಂತಾ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗ ಯಾರು ಆಣಿ ಹಾಕಿಸಿದ್ರು, ಅಣ್ಣಾ?" ಎಂದಳು. "ಯಾರರ ಕೇಳಿದ್ರ ಹೇಳತಿದ್ದೆ."

ನಾನು ಪೆನ್ನು ತೆಗೆದುಕೊಂಡು ಆರನೆಯ ಹೆಸರು ಬರೆದೆ.